ಕಣ್ಣು ನೋಡಿ ಕಳ್ಳನನ್ನು ಹಿಡಿಯುವ ಯಂತ್ರವನ್ನು ನಂಬಬಹುದೇ?

ರಾಯಚೂರು ಹತ್ತಿ ವ್ಯಾಪಾರಿ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನ ಮಗ ಇಲ್ಲಿಯ ಒಂದು ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವ) ಕಾರ್ಖಾನೆಯಲ್ಲಿ ತೂಕದ ಗುಮಾಸ್ತ. ಹಂಗಾಮಿನ ಹೊತ್ತಿನಲ್ಲಿ ಅಲ್ಲಿಯ ಕಚೇರಿಯ ಕಪಾಟಿನಿಂದ ದೊಡ್ಡ ಮೊತ್ತದ ನಗದು ಕಾಣೆಯಾಗಿದೆ. ಮಾಲೀಕರು ಪೊಲೀಸರಿಗೆ ದೂರು ಕೊಡುವ ಬದಲು ಹೊರಗಿನ ಒಂದು ಸಂಸ್ಥೆಯವರನ್ನು ಕರೆಸುತ್ತಿದ್ದಾರೆ. ಒಬ್ಬೊಬ್ಬರನ್ನೇ ಕಂಪ್ಯೂಟರ್ ಪರದೆಯ ಮುಂದೆ ಕೂರಿಸಿ, ಅಲ್ಲಿ ಮೂಡುವ ವಾಕ್ಯಗಳಿಗೆ ಸರಿ ಅಥವಾ ತಪ್ಪು ಎಂದು ಗುಂಡಿ ಒತ್ತಿಸುತ್ತಾರಂತೆ. ಆ ಹೊತ್ತಿನಲ್ಲಿ ಕ್ಯಾಮೆರಾ ಕಣ್ಣಿನ ಚಲನೆ, ಪಾಪೆಯ ಅಗಲ, ರೆಪ್ಪೆಯ ಬಡಿತ ಎಲ್ಲವನ್ನೂ ಅಳೆದು ಯಾರು ಸುಳ್ಳು ಹೇಳಿದರು ಎಂಬುದನ್ನು ತಿಳಿಸುತ್ತದಂತೆ.

ಗುಮಾಸ್ತರು, ಯಂತ್ರ ನಡೆಸುವವರು, ಕಾವಲುಗಾರರು, ಹಮಾಲರು ಸೇರಿ ಒಟ್ಟು 60 ಜನ. ಎಲ್ಲರ ಕೈಗೂ ಒಪ್ಪಿಗೆ ಪತ್ರ ಕೊಟ್ಟಿದ್ದಾರೆ. ಸಹಿ ಹಾಕದವನ ಮೇಲೆ ಅನುಮಾನ ಬರುವುದು ಸಹಜ ಎಂದು ಮೇಲ್ವಿಚಾರಕರು ಬಾಯಿ ಬಿಟ್ಟು ಹೇಳಿದ್ದಾರೆ. ಹುಡುಗ ರಾತ್ರಿ ನಿದ್ದೆ ಮಾಡುತ್ತಿಲ್ಲ. "ನಾನು ತೆಗೆದಿಲ್ಲ ಕಾಕಾ, ಆದರೆ ಹೆದರಿಕೆಗೆ ನನ್ನ ಕಣ್ಣು ಏನಾದರೂ ಮಾಡಿಬಿಟ್ಟರೆ?" ಎನ್ನುತ್ತಾನೆ. ಈ ಯಂತ್ರ ಎಷ್ಟು ನಂಬಿಕೆಗೆ ಅರ್ಹ? ತಿಳಿದವರು ಹೇಳಿ.

ಕೊಪ್ಪಳ ನಿವೃತ್ತ ಪೊಲೀಸ್

ತಪ್ಪು ಮಾಡದವನಿಗೆ ಭಯ ಏಕೆ? ಕೂರಲಿ, ಮುಗಿಸಿಕೊಂಡು ಬರಲಿ. ಸೇವೆಯಲ್ಲಿದ್ದಾಗ ಎಷ್ಟೋ ಪ್ರಕರಣಗಳಲ್ಲಿ ಸುಳ್ಳುಪತ್ತೆ ಯಂತ್ರದ ಹೆಸರು ಹೇಳಿದ ಕೂಡಲೇ ಆರೋಪಿ ಬಾಯಿ ಬಿಟ್ಟಿದ್ದನ್ನು ಕಂಡಿದ್ದೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಪರಾಧಿಯ ದೇಹ ಅವನಿಗೇ ಗೊತ್ತಿಲ್ಲದೆ ಮಾತನಾಡುತ್ತದೆ, ಅದರಲ್ಲೂ ಕಣ್ಣು.

ಮಾನ್ವಿ ಮನಶ್ಶಾಸ್ತ್ರ ಉಪನ್ಯಾಸಕ

ಹಿರಿಯರ ಅನುಭವಕ್ಕೆ ಗೌರವವಿದೆ. ಆದರೆ ಕೆಲಸ ಹೋದರೆ ಮನೆ ನಡೆಯದವನು, ಮೊದಲೇ ಒಮ್ಮೆ ಸುಳ್ಳು ಆರೋಪಕ್ಕೆ ಸಿಕ್ಕು ನೊಂದವನು, ಇವರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಸರ್. ಮುಟ್ಟಿ ನೋಡಿಕೊಂಡದ್ದು ಭಯದಿಂದಲೋ ತಪ್ಪಿನಿಂದಲೋ ಎಂದು ಹೊರಗಿನಿಂದ ಹೇಳುವ ದಾರಿ ಇಲ್ಲ. ಈ ಯಂತ್ರದ ತೊಡಕು ಇರುವುದೂ ಅಲ್ಲಿಯೇ.

ಮೊದಲು ಯಂತ್ರದ ಹಿಂದಿರುವ ವಿಜ್ಞಾನವನ್ನು ಹೇಳುತ್ತೇನೆ, ಏಕೆಂದರೆ ಅದು ಪೂರ್ತಿ ಸುಳ್ಳೇನೂ ಅಲ್ಲ. ಮನಸ್ಸು ಕಷ್ಟದ ಕೆಲಸಕ್ಕೆ ಇಳಿದಾಗ ಪಾಪೆ ತುಸು ಹಿಗ್ಗುತ್ತದೆ. ಲೆಕ್ಕವನ್ನು ಮನಸ್ಸಿನಲ್ಲೇ ಗುಣಿಸುವವರ ಪಾಪೆ ಅಗಲವಾಗುವುದನ್ನು ಹೆಸ್ ಮತ್ತು ಪೋಲ್ಟ್ ಎಂಬ ಸಂಶೋಧಕರು 1964ರಲ್ಲಿ ತೋರಿಸಿದರು. 1966ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಜಾಕ್ಸನ್ ಬೀಟಿ ಇನ್ನೂ ಸ್ಪಷ್ಟವಾಗಿ ಅಳೆದರು: ಅಂಕೆಗಳನ್ನು ಒಂದೊಂದಾಗಿ ಕೇಳಿಸಿ ನೆನಪಿಟ್ಟುಕೊಳ್ಳಲು ಹೇಳಿದಾಗ ಪ್ರತಿ ಅಂಕೆಗೂ ಪಾಪೆ ಹಿಗ್ಗುತ್ತಾ ಹೋಯಿತು, ಅವನ್ನು ಒಪ್ಪಿಸುತ್ತಾ ಬಂದಂತೆ ಕುಗ್ಗಿತು. ಸುಳ್ಳು ಹೇಳುವುದು ನಿಜ ಹೇಳುವುದಕ್ಕಿಂತ ಹೆಚ್ಚು ಶ್ರಮದ ಕೆಲಸ, ಆದ್ದರಿಂದ ಸುಳ್ಳುಗಾರನ ಪಾಪೆ ಹಿಗ್ಗಬೇಕು ಎಂಬುದು ಇದರ ಮೇಲೆ ಕಟ್ಟಿದ ಊಹೆ.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜಾನ್ ಕಿರ್ಚರ್, ಡಗ್ ಹ್ಯಾಕರ್ ಮೊದಲಾದವರು ಈ ಊಹೆಯಿಂದ ಒಂದು ಪರೀಕ್ಷೆಯನ್ನು ರೂಪಿಸಿದರು. ಕನ್ವೆರಸ್ ಎಂಬ ಕಂಪನಿ ಅದನ್ನು 2014ರಲ್ಲಿ ಐಡಿಟೆಕ್ಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅರ್ಧ ಗಂಟೆಯ ಪರೀಕ್ಷೆ. ಅತಿಗೆಂಪು ಕ್ಯಾಮೆರಾ ಸೆಕೆಂಡಿಗೆ 60 ಬಾರಿ ಕಣ್ಣನ್ನು ಅಳೆಯುತ್ತದೆ. ಪಾಪೆಯ ಅಗಲದ ಜೊತೆಗೆ ಒಂದು ವಾಕ್ಯವನ್ನು ಓದಲು ಎಷ್ಟು ಹೊತ್ತು ಹಿಡಿಯಿತು, ಕಣ್ಣು ಎಲ್ಲಿ ನಿಂತಿತು, ಹಿಂದಕ್ಕೆ ಹೋಗಿ ಮತ್ತೆ ಓದಿತೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ತಯಾರಕರು ಹೇಳಿಕೊಳ್ಳುವ ನಿಖರತೆ ಶೇ 86ರ ಆಸುಪಾಸು. ನಿಮ್ಮಲ್ಲಿಗೆ ಬರುವವರ ಬಳಿ ಇರುವುದು ಇದೇ ಸಾಧನವೋ ಅಥವಾ ಇದರ ಅನುಕರಣೆಯೋ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಕಣ್ಣನ್ನು ಹಿಂಬಾಲಿಸುವ ಕ್ಯಾಮೆರಾ ಈಗ ಯಾರಿಗೆ ಬೇಕಾದರೂ ಸಿಗುತ್ತದೆ. ಅದರ ಮೇಲೆ ತೀರ್ಪು ಕೊಡುವ ತಂತ್ರಾಂಶವನ್ನು ಯಾರು, ಯಾರ ಮೇಲೆ ಪರೀಕ್ಷಿಸಿ ಸಿದ್ಧಪಡಿಸಿದರು ಎಂಬುದೇ ಮುಖ್ಯ.

ಬಳ್ಳಾರಿ ನೇತ್ರ ಸಹಾಯಕಿ

ದಿನಬೆಳಗಾದರೆ ಪಾಪೆಗಳನ್ನೇ ನೋಡುವ ಕೆಲಸ ನನ್ನದು, ಹಾಗಾಗಿ ಬರೆಯಲೇಬೇಕು ಅನ್ನಿಸಿತು.

ಪಾಪೆಯ ಮೊದಲ ಕೆಲಸ ಬೆಳಕನ್ನು ನಿಯಂತ್ರಿಸುವುದು. ಬೆಳಕು ಹೆಚ್ಚಿದ್ದರೆ 2 ಮಿಲಿಮೀಟರಿನಷ್ಟು ಕಿರಿದಾಗುತ್ತದೆ, ಕತ್ತಲಲ್ಲಿ 8 ಮಿಲಿಮೀಟರಿನವರೆಗೂ ಹಿಗ್ಗುತ್ತದೆ. ಯೋಚನೆಯಿಂದ ಆಗುವ ಬದಲಾವಣೆ ಒಂದು ಮಿಲಿಮೀಟರಿನ ಭಾಗದಷ್ಟು ಮಾತ್ರ. ಬಾಗಿಲು ತೆರೆದು ಒಳಗೆ ಬಿಸಿಲು ಬಿದ್ದರೂ, ಪರದೆಯ ಹೊಳಪು ಬದಲಾದರೂ ಆ ಸಣ್ಣ ಬದಲಾವಣೆ ಮುಳುಗಿ ಹೋಗುತ್ತದೆ. ನಮ್ಮ ಬಿಸಿಲಿನಲ್ಲಿ ಅಂಗಳದಲ್ಲಿ ಹತ್ತಿ ಇಳಿಸುತ್ತಿದ್ದ ಹಮಾಲನನ್ನು ಕರೆದು ನೇರವಾಗಿ ಕತ್ತಲ ಕೋಣೆಯಲ್ಲಿ ಕೂರಿಸಿದರೆ ಅವನ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು.

ಇನ್ನು ಕಣ್ಣಿನ ಸ್ಥಿತಿ. ವಯಸ್ಸಾದಂತೆ ಪಾಪೆ ಚಿಕ್ಕದಾಗುತ್ತದೆ, ಹಿಗ್ಗುವ ಶಕ್ತಿಯೂ ಕುಂದುತ್ತದೆ. ಬಹಳ ವರ್ಷದ ಸಕ್ಕರೆ ಕಾಯಿಲೆ ಇರುವವರಲ್ಲಿ ಪಾಪೆಯನ್ನು ನಡೆಸುವ ನರಗಳೇ ದುರ್ಬಲವಾಗಿರುತ್ತವೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದವರಲ್ಲಿ ಕೆಲವರ ಪಾಪೆ ದುಂಡಗೆ ಉಳಿದಿರುವುದಿಲ್ಲ. ಬಿಸಿಲು, ದೂಳಿನಲ್ಲಿ ದುಡಿಯುವವರಲ್ಲಿ ಕೆಲವರಿಗೆ ಕರಿಗುಡ್ಡೆಯ ಮೇಲೆ ಮಾಂಸ ಬೆಳೆದಿರುತ್ತದೆ. ಇಂಥ ಕಣ್ಣನ್ನು ಕ್ಯಾಮೆರಾ ಸರಿಯಾಗಿ ಗುರುತಿಸುವುದೇ ಕಷ್ಟ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೆ ಹಾಕುವ ಪೈಲೋಕಾರ್ಪಿನ್ ಹನಿ ಪಾಪೆಯನ್ನು ಕುಗ್ಗಿಸುತ್ತದೆ. ನಾವು ಪರೀಕ್ಷೆಗಾಗಿ ಹಾಕುವ ಹನಿ ಗಂಟೆಗಟ್ಟಲೆ ಹಿಗ್ಗಿಸಿ ಇಡುತ್ತದೆ.

ಹತ್ತಿ ಬೆಳೆಯುವ ನಾಡಿನವರು ಗಮನಿಸಬೇಕಾದ ಮಾತು ಇನ್ನೊಂದಿದೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಮೈಗೆ ಹತ್ತಿದರೆ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಬೆಳೆಗೆ ಕೀಟನಾಶಕ ಹೊಡೆದು ಅಸ್ವಸ್ಥರಾಗಿ ಬಂದವರನ್ನು ನೋಡುವ ವೈದ್ಯರು ಮೊದಲು ಕಣ್ಣಿಗೆ ಬೆಳಕು ಬಿಟ್ಟು ನೋಡುವುದು ಅದಕ್ಕಾಗಿಯೇ. ಅದಕ್ಕೆ ತದ್ವಿರುದ್ಧವಾಗಿ ದತ್ತೂರಿಯ ರಸ ಕಣ್ಣಿಗೆ ತಾಗಿದರೆ ಪಾಪೆ ಅಗಲವಾಗಿ ನಿಂತುಬಿಡುತ್ತದೆ. ಬೆಳಗಿನ ಹೊತ್ತು ಹೊಲಕ್ಕೆ ಔಷಧಿ ಹೊಡೆದು ಮಧ್ಯಾಹ್ನ ಕಾರ್ಖಾನೆಗೆ ಬರುವವರು ನಮ್ಮಲ್ಲಿ ಕಡಿಮೆ ಏನಿಲ್ಲ. ಪರೀಕ್ಷೆಗೆ ಮೊದಲು ಕಣ್ಣಿನ ವೈದ್ಯರಿಂದ ತಪಾಸಣೆ ಇದೆಯೇ ಎಂದು ಆ ಸಂಸ್ಥೆಯವರನ್ನು ದಯವಿಟ್ಟು ಕೇಳಿ.

ಲಿಂಗಸುಗೂರು ಗುತ್ತಿಗೆ ನೌಕರ

ನಮ್ಮ ಊರಿನಲ್ಲಿ ಒಡವೆ ಕಳುವಾದರೆ ಅಂಜನ ಹಾಕಿಸುತ್ತಿದ್ದರು. ವೀಳ್ಯದೆಲೆಗೆ ಹಚ್ಚಿದ ಕಪ್ಪಿನಲ್ಲಿ ಕಳ್ಳನ ಮುಖ ಕಾಣುತ್ತದೆ ಎಂದು ನಂಬಿಕೆ. ಕಂಡದ್ದು ಯಾವಾಗಲೂ ಓಣಿಯ ಅತಿ ಬಡವನ ಮುಖವೇ. ಈ ಕ್ಯಾಮೆರಾ ಇನ್ನೊಂದು ಅಂಜನ ಆಗದಿರಲಿ.

ದೇವದುರ್ಗ ಶಿಕ್ಷಕಿ

ಯಾರೂ ಎತ್ತದ ಒಂದು ಪ್ರಶ್ನೆ ನನ್ನದು. ಓದುವ ವೇಗವನ್ನೂ ಯಂತ್ರ ಅಳೆಯುತ್ತದೆ ಎಂದು ಉಪನ್ಯಾಸಕರು ಬರೆದಿದ್ದಾರೆ. ಹಾಗಾದರೆ ಓದುವುದನ್ನೇ ತಡವರಿಸುವವರ ಗತಿ ಏನು?

ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಕಲಿತವರಿದ್ದಾರೆ, ಉರ್ದು ಶಾಲೆಯಲ್ಲಿ ಓದಿದವರಿದ್ದಾರೆ, ತಾಂಡಾಗಳಿಂದ ಬರುವ ಲಂಬಾಣಿ ಮಾತೃಭಾಷೆಯವರಿದ್ದಾರೆ. ಐದನೆಯ ತರಗತಿಗೆ ಶಾಲೆ ಬಿಟ್ಟವರು "ನಾನು ಕಪಾಟಿನ ಹಣವನ್ನು ತೆಗೆದಿಲ್ಲ" ಎಂಬ ವಾಕ್ಯವನ್ನು ಓದುವಾಗ "ತೆಗೆದಿದ್ದೇನೆ" ಎಂದಿದೆಯೋ "ತೆಗೆದಿಲ್ಲ" ಎಂದಿದೆಯೋ ಎಂದು ಕೊನೆಯ ಅಕ್ಷರಗಳಿಗೆ ಮತ್ತೆ ಹೋಗಲೇಬೇಕು. ಕನ್ನಡದಲ್ಲಿ ಇಲ್ಲ ಎಂಬುದು ಬರುವುದೇ ವಾಕ್ಯದ ತುದಿಯಲ್ಲಿ. ಅದಕ್ಕೆ ಸರಿ ಎನ್ನಬೇಕೋ ತಪ್ಪು ಎನ್ನಬೇಕೋ ಎಂದು ಯೋಚಿಸುವುದೇ ಅವರಿಗೆ ಒಂದು ಶ್ರಮ. ಆ ಶ್ರಮಕ್ಕೂ ಪಾಪೆ ಹಿಗ್ಗುವುದಿಲ್ಲವೇ? ಹಾಗಾದರೆ ಪದವಿ ಓದಿದ ಲೆಕ್ಕಿಗನಿಗೆ ಒಂದು ನ್ಯಾಯ, ಹಮಾಲನಿಗೆ ಇನ್ನೊಂದು ನ್ಯಾಯ ಆಗುತ್ತದೆ.

ಮಾನ್ವಿ ಮನಶ್ಶಾಸ್ತ್ರ ಉಪನ್ಯಾಸಕ

ಮೇಡಂ, ಹಿಗ್ಗುತ್ತದೆ. ಓದಲು ಕಷ್ಟಪಟ್ಟದ್ದಕ್ಕೂ ಸುಳ್ಳು ಕಟ್ಟಲು ಕಷ್ಟಪಟ್ಟದ್ದಕ್ಕೂ ಪಾಪೆ ಬೇರೆ ಬೇರೆ ಬಗೆಯಲ್ಲಿ ಹಿಗ್ಗುವುದಿಲ್ಲ. ಇದನ್ನು ಸರಿದೂಗಿಸಲು ಪರೀಕ್ಷೆ ರೂಪಿಸಿದವರು ಒಬ್ಬನ ಕಣ್ಣನ್ನು ಅವನ ಕಣ್ಣಿನೊಂದಿಗೇ ಹೋಲಿಸುತ್ತಾರೆ. ಒಂದು ವಿಷಯದ ವಾಕ್ಯಗಳಿಗೂ ಇನ್ನೊಂದು ವಿಷಯದ ವಾಕ್ಯಗಳಿಗೂ ಬಂದ ವ್ಯತ್ಯಾಸ ಎಷ್ಟು ಎಂದು ನೋಡುತ್ತಾರೆ. ಇದು ಜಾಣತನದ ಕ್ರಮವೇ. ಆದರೆ ಕಳುವಿನ ಗುಮಾನಿ ಇರುವಾಗ ಕಳುವಿನ ವಾಕ್ಯ ಬಂದರೆ ನಿರಪರಾಧಿಯ ಎದೆಯೂ ಧಸಕ್ಕೆನ್ನುತ್ತದೆ. ಈ ವ್ಯತ್ಯಾಸವನ್ನು ಹೋಲಿಕೆ ಅಳಿಸಲಾರದು.

ಆ ಶೇ 86 ಎಲ್ಲಿಂದ ಬಂತು ಎಂಬುದನ್ನೂ ನೋಡಿ. ಹೆಚ್ಚಿನ ಪ್ರಯೋಗಗಳು ಆಟದ ಕಳ್ಳತನಗಳು. 2012ರಲ್ಲಿ ಪ್ರಕಟವಾದ ಯೂಟಾ ತಂಡದ ಅಧ್ಯಯನದಲ್ಲಿ ಕೆಲವರಿಗೆ ಕಾರ್ಯದರ್ಶಿಯ ಪರ್ಸಿನಿಂದ 20 ಡಾಲರ್ ತೆಗೆಯುವಂತೆ ಹೇಳಿ, ನಂತರ ಅದನ್ನು ನಿರಾಕರಿಸಲು ಹೇಳಲಾಗಿತ್ತು. ಅಲ್ಲಿ ಯಾರ ಕೆಲಸವೂ ಹೋಗುವುದಿಲ್ಲ, ಯಾರ ಮರ್ಯಾದೆಯೂ ಬೀದಿಗೆ ಬರುವುದಿಲ್ಲ. ಜೊತೆಗೆ ಈ ಪರೀಕ್ಷೆಯ ನಿಖರತೆಯ ಕುರಿತ ಸಂಶೋಧನೆಯ ಬಹುಪಾಲು ಅದನ್ನು ರೂಪಿಸಿದವರೇ ಮಾಡಿದ್ದು. ಲಾಭ ಇರುವವರೇ ಅಳೆದರೆ ಆ ಅಳತೆಯನ್ನು ಹೊರಗಿನವರು ಮತ್ತೊಮ್ಮೆ ಅಳೆಯುವ ತನಕ ಕಾಯಬೇಕು.

ಆದರೂ ವಾದಕ್ಕಾಗಿ ಶೇ 86 ನಿಜವೆಂದೇ ಒಪ್ಪೋಣ. ಕಾರ್ಖಾನೆಯಲ್ಲಿ 60 ಜನ. ಹಣ ತೆಗೆದವರು ಇಬ್ಬರು ಎಂದಿಟ್ಟುಕೊಳ್ಳಿ. ಉಳಿದ 58 ಜನ ನಿರಪರಾಧಿಗಳಲ್ಲಿ ಶೇ 14ರಷ್ಟು ಮಂದಿಯನ್ನು ಯಂತ್ರ ಸುಳ್ಳುಗಾರರೆಂದು ತೋರಿಸುತ್ತದೆ. ಅಂದರೆ ಸುಮಾರು 8 ಜನ. ಇಬ್ಬರು ಕಳ್ಳರೂ ಸಿಕ್ಕಿಬಿದ್ದರು ಎಂದರೂ ಯಂತ್ರ ಬೊಟ್ಟು ಮಾಡಿದ 10 ಜನರಲ್ಲಿ 8 ಜನ ಏನೂ ಮಾಡದವರು. ನಿಮ್ಮ ಅಣ್ಣನ ಮಗ ಆ ಎಂಟರಲ್ಲಿ ಒಬ್ಬನಾಗಬಹುದು. ಶೇ 86 ಎಂದರೆ "ಸಿಕ್ಕಿಬಿದ್ದವರಲ್ಲಿ ಶೇ 86 ಮಂದಿ ಕಳ್ಳರು" ಎಂದು ಮಾಲೀಕರು ತಿಳಿದಿರುತ್ತಾರೆ. ಆ ಲೆಕ್ಕವನ್ನು ಕಾಗದದ ಮೇಲೆ ಬರೆದು ಅವರಿಗೆ ತೋರಿಸಿ.

ಇದು ನಾನು ಹುಟ್ಟಿಸಿದ ತರ್ಕವಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಪಾಲಿಗ್ರಾಫ್ (ಉಸಿರಾಟ, ರಕ್ತದೊತ್ತಡ, ಬೆವರು ಅಳೆಯುವ ಹಳೆಯ ಸುಳ್ಳುಪತ್ತೆ ಯಂತ್ರ) ಕುರಿತು 2003ರಲ್ಲಿ ಕೊಟ್ಟ ವರದಿಯಲ್ಲಿ ಇದೇ ಬಗೆಯ ಲೆಕ್ಕವಿದೆ. 10,000 ನೌಕರರಲ್ಲಿ 10 ಗೂಢಚಾರರಿದ್ದು, ಅವರಲ್ಲಿ 8 ಜನರನ್ನು ಹಿಡಿಯುವಂತೆ ಯಂತ್ರವನ್ನು ಹೊಂದಿಸಿದರೆ ಸುಮಾರು 1,600 ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಅವರ ಸಂಖ್ಯೆ ತಗ್ಗಿಸಲು ಹೋದರೆ ಗೂಢಚಾರರಲ್ಲಿ ಹೆಚ್ಚಿನವರು ತಪ್ಪಿಸಿಕೊಳ್ಳುತ್ತಾರೆ.

ಕೊಪ್ಪಳ ನಿವೃತ್ತ ಪೊಲೀಸ್

ಲೆಕ್ಕ ಅರ್ಥವಾಯಿತು. ಆದರೂ ತನಿಖೆ ಮಾಡುವವನಿಗೆ 60 ಜನರಿಂದ 10 ಜನರಿಗೆ ಇಳಿಯುವುದೂ ಒಂದು ಸಹಾಯವೇ. ಆ ಹತ್ತು ಜನರನ್ನು ಯಾರೂ ಗಲ್ಲಿಗೇರಿಸುತ್ತಿಲ್ಲ, ಇನ್ನಷ್ಟು ವಿಚಾರಿಸುತ್ತಾರೆ ಅಷ್ಟೇ. ಜೊತೆಗೆ ಅನುಭವವುಳ್ಳ ಅಧಿಕಾರಿ ಎದುರು ಕುಳಿತರೆ ಯಂತ್ರದ ತಪ್ಪನ್ನು ಸರಿಪಡಿಸಿಕೊಳ್ಳುತ್ತಾನೆ. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡದವನನ್ನು ನಾವು ಸುಲಭವಾಗಿ ಬಿಡುತ್ತಿರಲಿಲ್ಲ.

ಮಾನ್ವಿ ಮನಶ್ಶಾಸ್ತ್ರ ಉಪನ್ಯಾಸಕ

ಸರ್, ಆ ಕೊನೆಯ ಮಾತಿನ ಬಗ್ಗೆ ಹೇಳಲೇಬೇಕು. ಸುಳ್ಳುಗಾರ ಕಣ್ಣು ತಪ್ಪಿಸುತ್ತಾನೆ ಎಂಬ ನಂಬಿಕೆ ಜಗತ್ತಿನ ತುಂಬ ಇದೆ. 58 ದೇಶಗಳಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ 64ರಷ್ಟು ಜನ ಹೇಳಿದ್ದು ಇದನ್ನೇ. ಆದರೆ ಪ್ರಯೋಗಗಳಲ್ಲಿ ಕಣ್ಣು ತಪ್ಪಿಸುವುದಕ್ಕೂ ಸುಳ್ಳಿಗೂ ನಂಬಬಹುದಾದ ನಂಟು ಸಿಕ್ಕಿಲ್ಲ. ಬಾಂಡ್ ಮತ್ತು ಡಿಪೌಲೊ ಎಂಬ ಸಂಶೋಧಕರು ಅದೇ ವರ್ಷ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಯಂತ್ರದ ನೆರವಿಲ್ಲದೆ ಸುಳ್ಳು ನಿಜಗಳನ್ನು ಬೇರ್ಪಡಿಸುವಲ್ಲಿ ಮನುಷ್ಯರ ನಿಖರತೆ ಶೇ 54 ಇತ್ತು. ನಾಣ್ಯ ಚಿಮ್ಮಿದರೆ ಶೇ 50. ಬಲಕ್ಕೆ ಮೇಲೆ ನೋಡಿದರೆ ಸುಳ್ಳು, ಎಡಕ್ಕೆ ನೋಡಿದರೆ ನೆನಪು ಎಂದು ತರಬೇತಿ ಶಿಬಿರಗಳಲ್ಲಿ ಹೇಳುವುದನ್ನೂ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಪರೀಕ್ಷಿಸಿದರು, ಆಧಾರ ಸಿಗಲಿಲ್ಲ.

ಅದರ ಮೇಲೆ ನಮ್ಮ ಕಡೆ ಹಿರಿಯರ, ಸಾಹುಕಾರರ ಮುಂದೆ ಕಣ್ಣೆತ್ತಿ ನೋಡಬಾರದು ಎಂದೇ ಮಕ್ಕಳನ್ನು ಬೆಳೆಸುತ್ತೇವೆ. ಕಲಿಸಿದ ವಿನಯವನ್ನೇ ಮುಂದೆ ಅಪರಾಧದ ಗುರುತು ಎನ್ನುವುದು ಯಾವ ನ್ಯಾಯ?

ಯಂತ್ರದಲ್ಲಿ ಪಾಸಾದವನ ಬಗ್ಗೆಯೂ ಎಚ್ಚರ ಬೇಕು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿದ್ದುಕೊಂಡು ಸೋವಿಯತ್ ಒಕ್ಕೂಟಕ್ಕೆ ರಹಸ್ಯ ಮಾರುತ್ತಿದ್ದ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಪಾಲಿಗ್ರಾಫ್ ದಾಟಿ ಬಂದಿದ್ದ. ಯಂತ್ರ ಶುದ್ಧ ಎಂದದ್ದೇ ಅವನಿಗೆ ರಕ್ಷಣೆಯಾಯಿತು. ಕಾರ್ಖಾನೆಯಲ್ಲೂ ಹತ್ತು ಜನರ ಹಿಂದೆ ಬಿದ್ದಾಗ ಉಳಿದ ಐವತ್ತರಲ್ಲಿ ನಿಜವಾದ ಕಳ್ಳ ನೆಮ್ಮದಿಯಾಗಿ ಕುಳಿತಿರಬಹುದು.

ಗಂಗಾವತಿ ಅಕ್ಕಿ ಗಿರಣಿ

ನಾನೂ ಗಿರಣಿ ನಡೆಸುವವನು, ಮಾಲೀಕರ ಸಂಕಟವನ್ನೂ ಒಂದಿಷ್ಟು ಕೇಳಿ. ಹಣ ಹೋದಾಗ ಯಾರನ್ನೂ ನಂಬಲು ಆಗುವುದಿಲ್ಲ, ದೂರು ಕೊಟ್ಟರೆ ಹಂಗಾಮಿನ ಹೊತ್ತಿಗೆ ಕೆಲಸ ನಿಲ್ಲುತ್ತದೆ. ಯಂತ್ರದವರು ಬಂದು ಎರಡು ದಿನದಲ್ಲಿ ಮುಗಿಸಿಕೊಡುತ್ತೇವೆ ಎಂದರೆ ಯಾರಿಗಾದರೂ ಆಸೆಯಾಗುತ್ತದೆ.

ಆದರೆ ಅದೇ ಹಣದಲ್ಲಿ ಬೇರೆ ಕೆಲಸ ಆಗುತ್ತದೆ. ಕಪಾಟಿನ ಬೀಗದ ಕೈ ಯಾರ ಯಾರ ಬಳಿ ಇತ್ತು, ಆ ದಿನದ ರೋಕಡ್ ಪುಸ್ತಕ, ವೇಬ್ರಿಡ್ಜ್ ಚೀಟಿಗಳು, ಗೇಟ್ ಪಾಸ್, ಸಿಸಿಟಿವಿ, ಇವನ್ನು ಒಂದಕ್ಕೊಂದು ತಾಳೆ ನೋಡಿದ್ದಾರೆಯೇ? ಕಪಾಟಿಗೆ ಕೈ ಹಾಕಲು ಅವಕಾಶವೇ ಇಲ್ಲದ ಹಮಾಲರನ್ನು ಪರೀಕ್ಷೆಗೆ ಕೂರಿಸುವುದರಲ್ಲಿ ಅರ್ಥವಿಲ್ಲ. ಲೆಕ್ಕಪರಿಶೋಧಕರೊಬ್ಬರನ್ನು ಕೂರಿಸಿದರೆ 60 ಜನರ ಪಟ್ಟಿ ಬೇಗ ಚಿಕ್ಕದಾಗುತ್ತದೆ, ಯಾರ ಮನಸ್ಸೂ ಮುರಿಯುವುದಿಲ್ಲ. ನಂಬಿಕೆಯ ಆಳು ಒಮ್ಮೆ ಅವಮಾನಗೊಂಡು ಹೋದರೆ ಮುಂದಿನ ಹಂಗಾಮಿಗೆ ತಿರುಗಿ ಬರುವುದಿಲ್ಲ.

ಸಿಂಧನೂರು ವಕೀಲೆ

ಕಾನೂನಿನ ಭಾಗವನ್ನು ನಾನು ಹೇಳುತ್ತೇನೆ.

2010ರ ಮೇ 5ರಂದು ಸುಪ್ರೀಂ ಕೋರ್ಟ್ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನಮ್ಮ ರಾಜ್ಯದ ಹೆಸರೇ ಅದರಲ್ಲಿದೆ. ಮಂಪರು ಪರೀಕ್ಷೆ, ಪಾಲಿಗ್ರಾಫ್, ಮೆದುಳಿನ ತರಂಗ ಪರೀಕ್ಷೆಗಳನ್ನು ಯಾರ ಮೇಲೂ ಬಲವಂತವಾಗಿ ನಡೆಸುವಂತಿಲ್ಲ, ಅದು ಸಂವಿಧಾನದ 20(3) (ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲವಂತ ಮಾಡಬಾರದು) ಮತ್ತು 21ನೇ (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು) ವಿಧಿಗಳಿಗೆ ವಿರುದ್ಧ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಒಪ್ಪಿಗೆಯಿಂದ ನಡೆಸಿದರೂ ಪರೀಕ್ಷೆಯ ಫಲಿತಾಂಶವೊಂದೇ ಸಾಕ್ಷ್ಯವಾಗದು. ಅದರಿಂದ ಸಿಕ್ಕ ಸುಳಿವಿನ ಮೇಲೆ ವಸ್ತುವೋ ಮಾಹಿತಿಯೋ ಪತ್ತೆಯಾದರೆ ಅದನ್ನು ಮಾತ್ರ ಕಾನೂನಿನ ಮಿತಿಯಲ್ಲಿ ಪರಿಗಣಿಸಬಹುದು. ಪಾಲಿಗ್ರಾಫ್‌ಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ ಮಾಡಿದ ಮಾರ್ಗಸೂಚಿಯನ್ನು ಪಾಲಿಸಬೇಕೆಂದೂ ನ್ಯಾಯಾಲಯ ಹೇಳಿದೆ. ಅದರ ಪ್ರಕಾರ ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು, ವಕೀಲರ ಸಲಹೆ ಪಡೆಯಲು ಅವಕಾಶ ಇರಬೇಕು.

ಕಣ್ಣಿನ ಯಂತ್ರ ಆ ತೀರ್ಪಿನಲ್ಲಿ ಇಲ್ಲ. ತೀರ್ಪು ಬಂದದ್ದು ಪೊಲೀಸ್ ತನಿಖೆಯ ಸಂದರ್ಭದಲ್ಲಿ, ಖಾಸಗಿ ಮಾಲೀಕರನ್ನು ಅದು ನೇರವಾಗಿ ಕಟ್ಟಿಹಾಕುವುದಿಲ್ಲ. ಅಮೆರಿಕದಲ್ಲಿ 1988ರ ಕಾಯ್ದೆಯ ಪ್ರಕಾರ ಬಹುತೇಕ ಖಾಸಗಿ ಮಾಲೀಕರು ನೌಕರರನ್ನು ಸುಳ್ಳುಪತ್ತೆ ಪರೀಕ್ಷೆಗೆ ಕೂರಿಸುವಂತಿಲ್ಲ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ, ಇರಬೇಕಿತ್ತು ಎಂದು ನಾನು ಬಲವಾಗಿ ನಂಬುತ್ತೇನೆ. ಪೊಲೀಸರೇ ಬಲವಂತ ಮಾಡುವಂತಿಲ್ಲದ ಪರೀಕ್ಷೆಯನ್ನು ಸಂಬಳ ಕೊಡುವವರು "ಸಹಿ ಹಾಕು, ಇಲ್ಲವೇ ಅನುಮಾನ ಎದುರಿಸು" ಎಂದು ಮಾಡಿಸುವುದನ್ನು ಒಪ್ಪಿಗೆ ಎನ್ನಲಾಗದು.

ನಿವೃತ್ತ ಅಧಿಕಾರಿಗಳಿಗೆ ಒಂದು ಮಾತು ಸರ್: ಯಂತ್ರದ ಹೆದರಿಕೆಗೆ ಬಾಯಿ ಬಿಟ್ಟ ತಪ್ಪೊಪ್ಪಿಗೆ ಪೊಲೀಸರ ಮುಂದೆ ಆಗಿದ್ದರೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ ಎಂಬುದು ನಿಮಗೂ ಗೊತ್ತು. ಹೆದರಿಕೆಗೆ ಮಾಡದ ತಪ್ಪನ್ನು ಒಪ್ಪಿಕೊಂಡವರೂ ಇರುತ್ತಾರೆ.

ರಾಯಚೂರು ಹತ್ತಿ ವ್ಯಾಪಾರಿ

ಎಲ್ಲರಿಗೂ ಋಣಿ. ನಿಮ್ಮ ಬರಹಗಳನ್ನು ಹುಡುಗನಿಗೆ ಓದಿಸಿದೆ. ಅವನೂ ಇನ್ನೂ ಕೆಲವು ಗುಮಾಸ್ತರೂ ಸೇರಿ ಮಾಲೀಕರಿಗೆ ಪತ್ರ ಕೊಡಲು ಯೋಚಿಸಿದ್ದಾರೆ. ಆದರೆ ಪತ್ರ ಕೊಟ್ಟವರನ್ನೇ ಗುರಿ ಮಾಡಿದರೆ ಎಂಬ ಅಳುಕು ಇದೆ. ಏನೇನು ಬರೆಯಬೇಕು ಮೇಡಂ?

ಸಿಂಧನೂರು ವಕೀಲೆ

ಮೊದಲ ಸಾಲಿನಲ್ಲೇ "ಹಣ ಪತ್ತೆ ಮಾಡುವ ಕೆಲಸಕ್ಕೆ ನಮ್ಮ ಪೂರ್ಣ ಸಹಕಾರವಿದೆ" ಎಂದು ಬರೆಯಿರಿ. ಯಾವ ವಿಚಾರಣೆಗೂ ಹಾಜರಾಗುತ್ತೇವೆ, ಪೊಲೀಸ್ ದೂರು ಕೊಟ್ಟರೂ ಹೇಳಿಕೆ ಕೊಡುತ್ತೇವೆ ಎಂದೂ ಸೇರಿಸಿ. ಆಮೇಲೆ ಕೇಳಬೇಕಾದ್ದನ್ನು ಕೇಳಿ: ಸಾಧನದ ಹೆಸರೇನು, ಕನ್ನಡ ಓದುವವರ ಮೇಲೆ ಅದನ್ನು ಪರೀಕ್ಷಿಸಿದ್ದಾರೆಯೇ, ಕಣ್ಣಿನ ತೊಂದರೆ ಇರುವವರಿಗೆ ಏನು ವ್ಯವಸ್ಥೆ, ವರದಿಯ ಪ್ರತಿ ನಮಗೂ ಸಿಗುತ್ತದೆಯೇ, ನಮ್ಮ ಕಣ್ಣಿನ ದತ್ತಾಂಶ ಯಾರ ಬಳಿ ಎಷ್ಟು ಕಾಲ ಇರುತ್ತದೆ. ಈ ಫಲಿತಾಂಶವೊಂದನ್ನೇ ಆಧರಿಸಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಪರೀಕ್ಷೆ ನಿರಾಕರಿಸಿದ್ದನ್ನು ತಪ್ಪಿನ ಗುರುತಾಗಿ ಕಾಣುವುದಿಲ್ಲ ಎಂದು ಬರವಣಿಗೆಯಲ್ಲಿ ಕೊಡಲು ಕೋರಿ. ಯಾರ ಮೇಲಾದರೂ ಕ್ರಮ ಕೈಗೊಳ್ಳುವುದಿದ್ದರೆ ಆರೋಪ ಪತ್ರ ಕೊಟ್ಟು, ವಿಚಾರಣೆ ನಡೆಸಿ, ಉತ್ತರ ಕೊಡಲು ಅವಕಾಶ ಮಾಡಿಕೊಡಬೇಕು ಎಂಬುದನ್ನೂ ನೆನಪಿಸಿ.

ಇಬ್ಬರೋ ಮೂವರೋ ಸಹಿ ಮಾಡಬೇಡಿ. ಆದಷ್ಟು ಜನ ಮಾಡಿ, ಹಮಾಲರನ್ನು ಬಿಡಬೇಡಿ, ಓದಲು ಬಾರದವರಿಗೆ ಪತ್ರವನ್ನು ಓದಿ ಹೇಳಿಯೇ ಹೆಬ್ಬೆಟ್ಟು ಹಾಕಿಸಿ. ಒಂದು ಪ್ರತಿಗೆ ಸ್ವೀಕೃತಿ ಪಡೆಯಿರಿ. ಒತ್ತಡ ಮುಂದುವರಿದರೆ ಆ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ.

ಕೊಪ್ಪಳ ನಿವೃತ್ತ ಪೊಲೀಸ್

ಪತ್ರದಲ್ಲಿ ಗಂಗಾವತಿಯವರ ಮಾತನ್ನೂ ಸೇರಿಸಿ. ಬೀಗದ ಕೈ ಯಾರ ಬಳಿ ಇತ್ತು, ಸಿಸಿಟಿವಿ ದೃಶ್ಯ ಉಳಿಸಿಟ್ಟಿದ್ದಾರೆಯೇ ಎಂದು ಕೇಳಿ. ದೃಶ್ಯ ಕೆಲವು ವಾರಗಳಲ್ಲಿ ತಾನಾಗಿಯೇ ಅಳಿಸಿಹೋಗುವ ವ್ಯವಸ್ಥೆ ಹಲವು ಕಡೆ ಇರುತ್ತದೆ. ಯಂತ್ರದ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ತನಿಖೆ ಶುರುವಾಗಬೇಕಾದದ್ದು ಅಲ್ಲಿಂದ, ತಡ ಮಾಡಬೇಡಿ.

ರಾಯಚೂರು ಹತ್ತಿ ವ್ಯಾಪಾರಿ

ಸೇರಿಸುತ್ತೇನೆ ಸರ್. ಪತ್ರದ ಕರಡು ಇಂದು ರಾತ್ರಿ ಸಿದ್ಧವಾಗುತ್ತದೆ. ತೆಲುಗು ಮತ್ತು ಉರ್ದು ಬಲ್ಲ ಇಬ್ಬರು ಅದನ್ನು ಉಳಿದವರಿಗೆ ಓದಿ ಹೇಳಲು ಒಪ್ಪಿದ್ದಾರೆ. ದೇವದುರ್ಗದ ಮೇಡಂ, ಲಂಬಾಣಿಯಲ್ಲಿ ತಿಳಿಸಿ ಹೇಳುವವರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ತಿಳಿಸುತ್ತೀರಾ?

ದೇವದುರ್ಗ ಶಿಕ್ಷಕಿ

ನಮ್ಮ ಶಾಲೆಯ ಅಡುಗೆ ಸಿಬ್ಬಂದಿಯಲ್ಲಿ ಒಬ್ಬರ ಮಗ ರಾಯಚೂರಿನಲ್ಲೇ ಪದವಿ ಓದುತ್ತಿದ್ದಾನೆ. ಅವನನ್ನು ಕೇಳಿ ನಾಳೆ ಬೆಳಿಗ್ಗೆ ತಿಳಿಸುತ್ತೇನೆ.